ದಸ್ತಗೀರನ ಅಂಗಳದಲ್ಲಿ ಮೆಟ್ರೋ

ನಮ್ಮ ಮನೆಯಲ್ಲಿ ಒಂದು ಬೂದು ಬಣ್ಣದ ಕಂಬಳಿ ಇದೆ. ಅದರ ನಡುವೆ ಉದ್ದಕ್ಕೂ ಒಂದು ಕಂದು ಗೆರೆ, ಗೆರೆಯ ಪಕ್ಕದಲ್ಲಿ ಸಾಲಾಗಿ ದುಂಡು ಕಲೆಗಳು. ಪ್ರತಿ ವರ್ಷ ಚಳಿ ಶುರುವಾದಾಗ ನನ್ನ ಹೆಂಡತಿ ಗಿರಿಜಾ ಅದನ್ನು ಅಟ್ಟದಿಂದ ಇಳಿಸಿ, ಬಿಸಿಲಿಗೆ ಕೊಡವಿ, ಒಮ್ಮೆ ನನ್ನ ಮುಖ ನೋಡುತ್ತಾಳೆ. ನಿಂಬೆಹಣ್ಣು ಉಜ್ಜಿದ್ದಾಯಿತು, ಹುಣಸೆಹಣ್ಣು ಉಜ್ಜಿದ್ದಾಯಿತು, ಅಂಟುವಾಳದಲ್ಲಿ ನೆನೆಸಿದ್ದಾಯಿತು. ಕಬ್ಬಿಣದ ಕಲೆ ಹೋಗುವುದಿಲ್ಲ.

‘ಇದನ್ನ ಯಾರಿಗಾದ್ರೂ ಕೊಟ್ಟುಬಿಡ್ರಿ’ ಎನ್ನುತ್ತಾಳೆ.

‘ಇರಲಿ. ಇದು ದಾಖಲೆ.’

‘ಯಾವುದಕ್ಕೆ?’

‘ಬೆಂಗಳೂರಿನ ಮೆಟ್ರೋ ಚಳ್ಳಕೆರೆಯಲ್ಲಿ ನಿಂತಿತ್ತು ಅನ್ನೋದಕ್ಕೆ.’

‘ನಿಂತಿದ್ದು ಊರಿಗೆಲ್ಲ ಗೊತ್ತೈತೆ. ಪಾಪ, ದಸ್ತಗೀರಣ್ಣನ ಹೊಟ್ಟೆ ಮೇಲೆ ನಿಂತಿತ್ತು.’

ಇಷ್ಟಕ್ಕೆ ಮಾತು ಮುಗಿಯುತ್ತದೆ. ಆಮೇಲೆ ನಾನು ಕಂಬಳಿ ಹೊದ್ದು ಕೂತು ಯೋಚನೆಗೆ ಬೀಳುತ್ತೇನೆ. ಕಂಬಳಿ ಚುಚ್ಚುತ್ತದೆ, ಅದು ಬೇರೆ ವಿಷಯ.

ನನ್ನ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದನ್ನು ನೀವು ಎಷ್ಟು ನಂಬಬೇಕು ಎಂದು ಲೆಕ್ಕ ಹಾಕಲು ಅದು ಬೇಕು. ನಾನು ವಿಶ್ವವಿದ್ಯಾಲಯದಲ್ಲಿ ಚರಿತ್ರೆ ಓದಿದವನು. ಅಲ್ಲಿ ಕಲಿತ ವಿದ್ಯೆಯಲ್ಲಿ ಉಳಿದಿರುವುದು ಒಂದೇ ಪ್ರಶ್ನೆ, ‘ಆಧಾರ ಏನು?’ ಮೊಳಕಾಲ್ಮೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ, ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮದುವೆ ಮನೆಯಲ್ಲಿ ಯಾರಾದರೂ ತಮ್ಮ ಮುತ್ತಜ್ಜ ಪಾಳೇಗಾರರ ಕುದುರೆ ಹತ್ತಿದ್ದ ಕಥೆ ತೆಗೆದರೆ ಪಂಕ್ತಿಯಲ್ಲಿ ನನ್ನ ಪಕ್ಕದವರು ಮೆಲ್ಲಗೆ ಬೇರೆ ಎಲೆಗೆ ಹೋಗುತ್ತಾರೆ. ಈಚೆಗೆ ಈ ಕಾಯಿಲೆ ಒಳಮುಖವಾಗಿದೆ. ನನಗೆ ನೆನಪಿರುವುದಕ್ಕೇ ಆಧಾರ ಕೇಳಲು ಶುರು ಮಾಡಿದ್ದೇನೆ, ಮತ್ತು ಸಾಮಾನ್ಯವಾಗಿ ಸೋಲುತ್ತಿದ್ದೇನೆ.

ಒಂದು ಉದಾಹರಣೆ. ದಸ್ತಗೀರ ನನ್ನ ಪ್ರೈಮರಿ ಶಾಲೆಯ ಗೆಳೆಯ. ಅವನ ಅಪ್ಪನಿಗೆ ಬಳ್ಳಾರಿ ರಸ್ತೆಯಲ್ಲಿ ಲಾರಿ ಗ್ಯಾರೇಜಿತ್ತು. ಗ್ಯಾರೇಜಿನ ಒಳಗೆ, ಲಾರಿಯ ಹೊಟ್ಟೆಯನ್ನು ಕೆಳಗಿನಿಂದ ನೋಡುವುದಕ್ಕೆ, ಆಳುದ್ದದ ಒಂದು ಗುಂಡಿ. ಮೆಟ್ಟಿಲು ಇಳಿದು ಒಳಗೆ ನಿಂತರೆ ತಲೆಯ ಮೇಲೆ ಲಾರಿ. ಶಾಲೆ ಬಿಟ್ಟ ಮೇಲೆ ನಾವಿಬ್ಬರೂ ಆ ಗುಂಡಿಯಲ್ಲಿ ಕೂತು, ನಮ್ಮ ತಂದೆಯ ಗಾಣದಿಂದ ತಂದ ಶೇಂಗಾ ಹಿಂಡಿ ಮುರಿದು ತಿನ್ನುತ್ತಿದ್ದದ್ದು, ಮೇಲಿಂದ ಎಣ್ಣೆಯ ಒಂದೊಂದೇ ಹನಿ ಬೀಳುತ್ತಿದ್ದದ್ದು, ಗ್ರೀಸಿನ ವಾಸನೆಗೆ ಹಿಂಡಿಯ ವಾಸನೆ ಸೇರುತ್ತಿದ್ದದ್ದು, ಎಲ್ಲ ನನಗೆ ನಿನ್ನೆ ಮೊನ್ನೆಯದೆಂಬಂತೆ ನೆನಪಿದೆ. ಒಮ್ಮೆ ಇದನ್ನು ದಸ್ತಗೀರನ ಮುಂದೆ ಹೇಳಿದೆ.

‘ಲೇ ಸ್ವಾಮಿ, ನೀನು ಯಾವತ್ತು ಇಳಿದಿದ್ದೀಯೋ ಗುಂಡಿಗೆ?’ ಅಂದ. ‘ಲಾರಿ ಬೀಳ್ತೈತೆ ಅಂತ ಮೇಲೇ ನಿಂತಿರ್ತಿದ್ದೆ. ಹಿಂಡಿ ಮಾತ್ರ ಎಸೀತಿದ್ದೆ, ಮಂಗಕ್ಕೆ ಎಸೆದಂಗೆ.’

ಹಾಗಾದರೆ ಆ ಎಣ್ಣೆಯ ಹನಿ ಯಾರ ತಲೆಯ ಮೇಲೆ ಬಿತ್ತು? ನನಗೆ ಗೊತ್ತಿಲ್ಲ. ಇನ್ನು ಮೆಟ್ರೋದ ಕಥೆಗೆ ಬರುತ್ತೇನೆ. ಅದಕ್ಕೆ ಕಂಬಳಿಯಾದರೂ ಇದೆ.

ಬೆಂಗಳೂರಿನಲ್ಲಿ ಹೊಸ ಮೆಟ್ರೋ ದಾರಿಯ ಕೆಲಸ ನಡೆದಿತ್ತು. ಕಂಬದಿಂದ ಕಂಬಕ್ಕೆ ಸಿಮೆಂಟಿನ ತೊಲೆ ಇಡುತ್ತಾರಂತೆ, ಕೆಳಗಿನ ರಸ್ತೆ ತೀರಾ ಅಗಲವಾಗಿದ್ದ ಕಡೆ ಮಾತ್ರ ಉಕ್ಕಿನ ಗರ್ಡರ್. ಅಂಥ ಒಂದು ಗರ್ಡರನ್ನು ಬಳ್ಳಾರಿ ಕಡೆ ತಯಾರು ಮಾಡಿ, ಉದ್ದನೆಯ ಟ್ರೇಲರಿನ ಮೇಲೆ ಮಲಗಿಸಿ ಕಳಿಸಿದ್ದರು. ನಮ್ಮೂರಿನ ಹತ್ತಿರ ಟ್ರೇಲರಿನ ಆಕ್ಸಲ್ ಮುರಿಯಿತು. ಡ್ರೈವರ್ ಓಬಣ್ಣ ರಾಂಪುರದವನು, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುವ ತೆಳ್ಳನೆಯ ಮನುಷ್ಯ. ಮಟಮಟ ಮಧ್ಯಾಹ್ನದಲ್ಲಿ ನಡೆದುಕೊಂಡು ದಸ್ತಗೀರನ ಗ್ಯಾರೇಜಿಗೆ ಬಂದ. ಅಷ್ಟರಲ್ಲಿ ಅಪ್ಪ ತೀರಿಹೋಗಿ ಗ್ಯಾರೇಜು ದಸ್ತಗೀರನ ಕೈಗೆ ಬಂದು ಬಹಳ ಕಾಲವಾಗಿತ್ತು. ಕೆಲಸಕ್ಕೆ ಇಬ್ಬರಿದ್ದರು, ಗುಂಡಿಯ ಮೇಲೆ ಯಾವಾಗಲೂ ಒಂದು ಲಾರಿ ಇರುತ್ತಿತ್ತು, ಹೊರಗೆ ಇನ್ನೊಂದು ಕಾಯುತ್ತಿತ್ತು.

ದಸ್ತಗೀರನ ಅಪ್ಪ ಒಂದು ನಿಯಮ ಮಾಡಿಟ್ಟಿದ್ದರು. ಕೆಟ್ಟ ಗಾಡಿ ರಸ್ತೆಯ ಮೇಲೆ ರಾತ್ರಿ ಕಳೆಯಬಾರದು, ಹೇಗಾದರೂ ಎಳೆದು ಅಂಗಳಕ್ಕೆ ತರಬೇಕು. ಅದರ ಡ್ರೈವರು ಗಾಡಿ ರಿಪೇರಿಯಾಗುವ ತನಕ ಮನೆಯಲ್ಲೇ ಉಣ್ಣಬೇಕು. ಗೌರಸಮುದ್ರದಿಂದ ಬಂದ ಕುರಿ ಲಾರಿಯಾಗಲಿ, ಪಂಜಾಬಿನ ಸರ್ದಾರ್ಜಿಯ ಲಾರಿಯಾಗಲಿ, ಈ ನಿಯಮ ತಪ್ಪಿದ್ದಿಲ್ಲ. ಆದರೆ ನಿಯಮ ಮಾಡುವಾಗ ಅವರ ಕಣ್ಣ ಮುಂದೆ ಇದ್ದದ್ದು ಲಾರಿಗಳು. ಮೆಟ್ರೋ ಅವರ ಅಂದಾಜಿನಲ್ಲಿ ಇರಲಿಲ್ಲ.

ದಸ್ತಗೀರ ಎರಡು ಟ್ರ್ಯಾಕ್ಟರು ಕಟ್ಟಿ ಆ ಟ್ರೇಲರನ್ನು ಎಳೆಸಿ ತಂದ. ಅದು ಅಂಗಳದಲ್ಲಿ ಹಿಡಿಯಲಿಲ್ಲ. ಅಡ್ಡಡ್ಡ ನಿಂತು, ಗರ್ಡರಿನ ಬಾಲ ಗ್ಯಾರೇಜಿನ ಬಾಯಿಯನ್ನು ಪೂರ್ತಿ ದಾಟಿ ಆಚೆ ಚಾಚಿಕೊಂಡಿತು. ಒಂದು ಪಕ್ಕದಲ್ಲಿ ಮಾತ್ರ, ತಲೆ ಬಗ್ಗಿಸಿದರೆ ಒಬ್ಬ ಮನುಷ್ಯ ಕೆಳಗೆ ನುಸುಳುವಷ್ಟು ಸಂದು ಉಳಿಯಿತು.

‘ಒಂದು ವಾರದ ಮಾತು’ ಅಂದ ದಸ್ತಗೀರ.

ಆಕ್ಸಲ್ ಒಂದು ವಾರದಲ್ಲೇ ಸರಿಹೋಯಿತು. ಆದರೆ ಅಷ್ಟರಲ್ಲಿ ಬೆಂಗಳೂರಿನಿಂದ ಓಬಣ್ಣನಿಗೆ ಫೋನ್ ಬಂತು, ಅಲ್ಲೇ ನಿಲ್ಲಿಸು ಅಂತ. ಆ ಕಡೆಯ ಕೆಲಸ ಹಿಡಿದಿದ್ದ ಕಂಟ್ರಾಕ್ಟರು ಬಿಟ್ಟು ಹೋಗಿದ್ದ, ಅಥವಾ ಬಿಡಿಸಿದ್ದರು. ಕಂಬಗಳನ್ನು ಇನ್ನೊಮ್ಮೆ ಪರೀಕ್ಷೆ ಮಾಡಬೇಕು, ನಕ್ಷೆ ಬದಲಾಗಬಹುದು ಎಂಬ ಮಾತು ಪೇಪರಿನಲ್ಲಿ ಬಂತು. ಗರ್ಡರು ಹೋಗಿ ಇಳಿಯಬೇಕಾದ ಜಾಗಕ್ಕೆ ಬೀಗ ಬಿದ್ದಿತ್ತು. ಸಾಗಣೆ ಕಂಪನಿಯವರು ಬಂದು ಎಲ್ಲ ಕಡೆಯಿಂದ ಫೋಟೋ ತೆಗೆದರು. ಟ್ರೇಲರಿನ ಕೆಳಗೆ ಮರದ ದಿಮ್ಮಿ ಕೊಟ್ಟು, ಮುಂದಿನ ಇಂಜಿನ್ನನ್ನು ಮಾತ್ರ ಬೇರೆ ಬಾಡಿಗೆಗೆ ಬಿಚ್ಚಿಕೊಂಡು ಹೋದರು. ಹೋಗುವಾಗ ಓಬಣ್ಣನಿಗೆ ಹೇಳಿದರು, ಮಾಲಿಗೆ ಏನಾದರೂ ಆದರೆ ನೀನೇ ಜವಾಬ್ದಾರಿ.

ಹೀಗೆ ಬೆಂಗಳೂರಿನ ಮೆಟ್ರೋ ಚಳ್ಳಕೆರೆಯಲ್ಲಿ ನಿಂತಿತು.

ಊರು ಎಂಥದ್ದನ್ನಾದರೂ ಬಳಸಿಕೊಳ್ಳುತ್ತದೆ. ಗರ್ಡರಿನ ನೆರಳಿಗೆ ಕುರಿಗಳು ಬಂದು ಮಲಗಿದವು. ಟ್ರೇಲರಿನ ಬಯಲು ಜಾಗದಲ್ಲಿ ಯಾರೋ ಮೆಣಸಿನಕಾಯಿ ಒಣಗಿಸಿದರು. ಬಸ್ಸಿನ ಕಂಡಕ್ಟರು ‘ಮೆಟ್ರೋ ಯಾರ್ರೀ, ಮೆಟ್ರೋ ಇಳಿಯೋರು ಮುಂದೆ ಬರ್ರೀ’ ಅಂತ ಕೂಗತೊಡಗಿದ. ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬ ಮುದುಕ, ‘ಬೆಂಗಳೂರಾಗೆ ಇನ್ನೂ ಬಂದಿಲ್ಲಂತೆ, ನಮ್ಮೂರಾಗೆ ಬಂದೈತೆ ನೋಡು’ ಎಂದದ್ದು ನನಗೆ ನೆನಪಿದೆ. ಅಥವಾ ಅದನ್ನು ನಾನೇ ಸ್ಟಾಫ್ ರೂಮಿನಲ್ಲಿ ಹೇಳಿ ಆಮೇಲೆ ಮುದುಕನ ಬಾಯಿಗೆ ಹಾಕಿರಬಹುದು. ನಗೆ ಬಂದದ್ದಂತೂ ನಿಜ. ಆಗ ನಾವೆಲ್ಲ ನಗುತ್ತಿದ್ದೆವು.

ಪಕ್ಕದ ಓಣಿಯ ಕರಿಯವ್ವನದು ಕಂಬಳಿ ನೇಯುವ ಮನೆ. ನೇಯ್ದ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿದ ಮೇಲೆ ಅದು ಸೆಟೆದುಕೊಳ್ಳುವ ತನಕ ಬಿಸಿಲಿನಲ್ಲಿ ಹರವಬೇಕು. ಅವಳು ಒಂದು ದಿನ ಬಂದು ಗರ್ಡರನ್ನು ಮೂತಿಯಿಂದ ಬಾಲದವರೆಗೂ ನೋಡಿದಳು.

‘ಏನೋ ಸಾಬಣ್ಣ, ನಿನ್ನ ಕಬ್ಬಿಣದ ಮೇಲೆ ಕಂಬಳಿ ಹಾಕ್ಕೊಳ್ಳಲೇನೋ?’

‘ನಂದಲ್ಲವ್ವ ಅದು, ಬೆಂಗಳೂರಿಂದು.’

‘ಬೆಂಗಳೂರೋರು ಬಂದು ಕೇಳಿದ್ರೆ ನಾನು ಮಾತಾಡ್ತೀನಿ ಬಿಡು.’

ಕೇಳಲು ಯಾರೂ ಬರಲಿಲ್ಲ. ಮೊದಲ ಬೇಸಿಗೆಯಲ್ಲಿ ಕಂಬಳಿಗಳು ಚೆನ್ನಾಗಿಯೇ ಒಣಗಿದವು. ಮಳೆ ಬಿದ್ದು, ಅಂಚಿನ ಬಣ್ಣ ಎದ್ದು, ಬೋಲ್ಟಿನ ತೂತುಗಳ ಸುತ್ತ ತುಕ್ಕು ಹಿಡಿದ ಮೇಲೆ ಹಾಕಿದ ಮೊದಲ ಕಂಬಳಿಯೇ ನಮ್ಮ ಮನೆಯಲ್ಲಿರುವುದು. ಕೊಳ್ಳುವವರು ಸಿಗದೆ ಕರಿಯವ್ವ ಕಂಗಾಲಾದಾಗ ನಾನು ಕನಿಕರಪಟ್ಟು ಅದನ್ನು ಕೊಂಡೆ ಎಂದು ನನ್ನ ನೆನಪು. ಗಿರಿಜಾ ಹೇಳುವುದೇ ಬೇರೆ. ‘ನೀವು ಅದರ ಮುಂದೆ ನಿಂತು ತುಕ್ಕಿನ ಬಗ್ಗೆ ಭಾಷಣ ಮಾಡ್ತಿದ್ರಿ. ಅವಳು ಸಿಟ್ಟಿಗೆ ನಿಮ್ಮ ಹೆಗಲ ಮೇಲೆ ಒಗೆದು ಹೋದಳು.’

ನಗು ಯಾವಾಗ ನಿಂತಿತು ಎಂದು ಹೇಳುವುದು ಕಷ್ಟ. ಲಾರಿಯವರು ಬರುತ್ತಿದ್ದರು. ಗ್ಯಾರೇಜಿನ ಬಾಯಿಗೆ ಅಡ್ಡ ಮಲಗಿದ್ದನ್ನು ನೋಡಿ ಒಮ್ಮೆ ಹಾರ್ನ್ ಹೊಡೆಯುತ್ತಿದ್ದರು. ‘ಇದು ಹೋಗ್ಲಿ ಸಾಬ್, ಆಮೇಲೆ ಬರ್ತೀವಿ’ ಎನ್ನುತ್ತಿದ್ದರು. ಯಾವ ಲಾರಿಯೂ ಗುಂಡಿಯ ಮೇಲೆ ಹೋಗುವಂತಿರಲಿಲ್ಲ. ದಸ್ತಗೀರ ರಸ್ತೆಯ ಅಂಚಿನಲ್ಲೇ ಗೋಣಿಚೀಲ ಹಾಸಿಕೊಂಡು, ಅಂಗಾತ ಮಲಗಿ, ಲಾರಿಯ ಕೆಳಗೆ ತೆವಳಿ ಕೆಲಸ ಮಾಡತೊಡಗಿದ. ಐವತ್ತು ದಾಟಿದ ಮೈ. ಸಂಜೆ ಏಳುವಾಗ ಟೈರು ಹಿಡಿದು ಏಳುತ್ತಿದ್ದ. ರಸ್ತೆ ಮೇಲೆ ರಿಪೇರಿ ಮಾಡಬಾರದು ಎಂದು ಪೊಲೀಸರು ಬಂದು ಹೇಳಿದರು. ಕೆಲಸಕ್ಕಿದ್ದ ಇಬ್ಬರೂ ಬೇರೆ ಕಡೆ ನೋಡಿಕೊಂಡರು. ಅವನ ಅಪ್ಪ ತೋಡಿಸಿದ ಗುಂಡಿಯಲ್ಲಿ ಮಳೆನೀರು ನಿಂತು ಕಪ್ಪೆಯಾದವು.

ನನಗೆ ತಡೆಯಲಾಗಲಿಲ್ಲ. ಒಂದು ಸಂಜೆ ಬಸ್ಸು ಇಳಿದು ನೇರ ಅಲ್ಲಿಗೇ ಹೋದೆ.

‘ಲೇ ದಸ್ತಗೀರ, ಕ್ರೇನ್ ತರಿಸಿ ಇದನ್ನ ಎತ್ತಿ ರಸ್ತೆ ಪಕ್ಕಕ್ಕೆ ಇಡಿಸು. ನಿನ್ನ ಜಾಗ ನಿನ್ನದು.’

‘ಆಮೇಲೆ?’

‘ಆಮೇಲೆ ಏನು? ಅವರ ಗರ್ಡರು, ಅವರ ಹಣೆಬರಹ.’

‘ಗುಜರಿಯೋರು ಆಗಲೇ ಎರಡು ಸಲ ಬಂದು ಮುಟ್ಟಿ ನೋಡಿ ಹೋಗ್ಯಾರೆ. ರಸ್ತೆಗೆ ಹಾಕಿದ್ರೆ ಗ್ಯಾಸ್ ಕಟ್ಟರ್ ತಂದು ಕೊಯ್ಕೊಂಡು ಹೋಗ್ತಾರೆ. ಓಬಣ್ಣನ ಕೆಲಸ ಹೋಗ್ತೈತೆ, ಮೇಲೆ ಕೇಸು.’

‘ಓಬಣ್ಣ ನಿನಗೆ ಏನಾಗಬೇಕು?’

‘ಏನೂ ಆಗಬೇಕಿಲ್ಲ. ನಮ್ಮನೇಲಿ ಉಂಡಾನೆ.’ ಅವನು ಕೈಯ ಗ್ರೀಸನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಲೇ ಹೇಳಿದ. ‘ಇದು ಅಮಾನತ್ ಕಣೋ. ನಂಬಿ ಬಿಟ್ಟು ಹೋಗಿರೋ ಮಾಲು. ಒಳಗೆ ಕರೆದೋನು ನಾನೇ. ಕರೆದೋನೇ ಹೊರಗೆ ತಳ್ಳೋಕಾಗ್ತೈತಾ?’

‘ಮನುಷ್ಯರಿಗೆ ಹೇಳೋ ಮಾತನ್ನ ಕಬ್ಬಿಣಕ್ಕೆ ಹೇಳ್ತೀಯಲ್ಲೋ.’

‘ನೀನು ಬಂಡೆ ಜೊತೆ ಮಾತಾಡೋನು, ನನಗೆ ಹೇಳ್ತೀಯಾ?’

ಅದು ಸಿದ್ದಾಪುರದ ಮಾತು. ಪ್ರತಿ ವರ್ಷ ವಿದ್ಯಾರ್ಥಿಗಳನ್ನು ಅಲ್ಲಿನ ಅಶೋಕನ ಶಾಸನಕ್ಕೆ ಕರೆದುಕೊಂಡು ಹೋಗುತ್ತೇನೆ. ಬಂಡೆಯ ಮುಂದೆ ನಿಂತು ಒಂದೊಂದೇ ಸಾಲು ಬಾಯಿಪಾಠ ಹೇಳುತ್ತೇನೆ. ಎರಡು ಸಾವಿರ ವರ್ಷದಿಂದ ಅಕ್ಷರ ಅಲ್ಲೇ ಇದೆ, ಹುಡುಗರು ಫೋನಿನಲ್ಲಿ ತಮ್ಮದೇ ಫೋಟೋ ತೆಗೆದುಕೊಳ್ಳುತ್ತಿರುತ್ತಾರೆ. ಗರ್ಡರಿನ ಮೇಲೂ ಅಕ್ಷರ ಇತ್ತು. ಯಾವ ಯಾವ ನಂಬರಿನ ಕಂಬಗಳ ನಡುವೆ ಅದನ್ನು ಕೂರಿಸಬೇಕು ಎಂದು ಬಿಳಿ ಬಣ್ಣದಲ್ಲಿ ಬರೆದಿದ್ದರು. ದಸ್ತಗೀರ ಕೇಳಿದಾಗ ಅದನ್ನು ಗಟ್ಟಿಯಾಗಿ ಓದಿ ಹೇಳಿದವನು ನಾನೇ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಅದು ಅಳಿಸಿಹೋಯಿತು. ಅಶೋಕನ ಸಾಲುಗಳನ್ನು ಈಗಲೂ ನಿದ್ದೆಯಲ್ಲಿ ಹೇಳಬಲ್ಲೆ. ದಿನಕ್ಕೆರಡು ಸಲ ಬಸ್ಸಿನ ಕಿಟಕಿಯಿಂದ ಕಣ್ಣಿಗೆ ಬೀಳುತ್ತಿದ್ದ ಆ ಗುರುತಿನಲ್ಲಿ ಒಂದು ಅಂಕಿಯೂ ನೆನಪಿಲ್ಲ.

ಓಬಣ್ಣನನ್ನು ಕಂಪನಿಯವರು ಬೇರೆ ಗಾಡಿಗೆ ಹಾಕಿದ್ದರು. ಆದರೂ ರಾಂಪುರಕ್ಕೆ ಹೋಗುವಾಗ ಬರುವಾಗ ಇಳಿಯುತ್ತಿದ್ದ. ಗರ್ಡರಿನ ಉದ್ದಕ್ಕೂ ನಡೆದು, ಎತ್ತಿನ ಬೆನ್ನು ತಟ್ಟುವಂತೆ ಎರಡು ಸಲ ತಟ್ಟಿ, ಆಮೇಲೆ ಸಂದಿನಲ್ಲಿ ತಲೆ ಬಗ್ಗಿಸಿ ಒಳಗೆ ಬರುತ್ತಿದ್ದ. ಖಾಲಿ ಗ್ಯಾರೇಜಿನಲ್ಲಿ ದಸ್ತಗೀರನ ಎದುರು ಕೂರಲು ಅವನಿಗೆ ಸಂಕೋಚ.

‘ಏಂ ಚೇದ್ದಾಂ ಅಣ್ಣಾ’ ಎನ್ನುತ್ತಿದ್ದ. ಏನು ಮಾಡೋಣ ಎಂದು. ‘ಯುಗಾದಿಗೆ ಒಯ್ತಾರಂತೆ.’

‘ಯಾವ ಯುಗಾದಿಗೋ?’ ಎನ್ನುತ್ತಿದ್ದ ದಸ್ತಗೀರ. ಆಮೇಲೆ ಒಳಗಿನ ಹೆಂಡತಿಗೆ ಉರ್ದುವಿನಲ್ಲಿ ಕೂಗಿ ಇನ್ನೊಂದು ತಟ್ಟೆ ಇಡಲು ಹೇಳುತ್ತಿದ್ದ.

ಪೇಪರಿನಲ್ಲೂ ಹಾಗೆಯೇ. ಯುಗಾದಿಗೆ ರೈಲು ಓಡುತ್ತದೆ, ದಸರಾಕ್ಕೆ ಓಡುತ್ತದೆ, ಹೊಸ ವರ್ಷಕ್ಕೆ ಖಂಡಿತ. ಬೆಂಗಳೂರಿನವರು ಈ ಸುದ್ದಿ ಓದಿ ಟ್ರಾಫಿಕ್ಕಿನಲ್ಲಿ ಕೂತು ಬೈದುಕೊಂಡಿರುತ್ತಾರೆ. ನಮ್ಮೂರಿನಲ್ಲಿ ಅದನ್ನು ಓದುತ್ತಿದ್ದವನು ಒಬ್ಬನೇ. ಅವನಿಗೆ ರೈಲಿನಲ್ಲಿ ಕೂರುವ ಆಸೆ ಇರಲಿಲ್ಲ. ಅಂಗಳ ಬೇಕಾಗಿತ್ತು.

ಗರ್ಡರು ಎಷ್ಟು ಕಾಲ ಇತ್ತು? ನಾನು ಮೂರು ವರ್ಷ ಎನ್ನುತ್ತೇನೆ. ಗಿರಿಜಾ ಎರಡು ಎನ್ನುತ್ತಾಳೆ. ದಸ್ತಗೀರನನ್ನು ಕೇಳಿದರೆ, ‘ಇತ್ತು’ ಎನ್ನುತ್ತಾನೆ.

ಅದು ಹೋದ ದಿನ ನಾನು ತರಗತಿಯಲ್ಲಿದ್ದೆ. ಸಂಜೆ ಬಸ್ಸಿನಲ್ಲಿ ಕಂಡಕ್ಟರು ‘ಮೆಟ್ರೋ ಯಾರ್ರೀ’ ಎಂದು ಕೂಗಿದ, ನಾನು ಎದ್ದು ಬಾಗಿಲಿಗೆ ಬಂದೆ. ಹೊರಗೆ ನೋಡಿದರೆ ಬಯಲು. ಎರಡು ಕ್ರೇನು, ಒಂದು ಹೊಸ ಇಂಜಿನ್ನು ಬಂದು ಮಧ್ಯಾಹ್ನದೊಳಗೆ ಹೊತ್ತುಕೊಂಡು ಹೋಗಿದ್ದವು. ದಿಮ್ಮಿಗಳ ಗುರುತು ಮಾತ್ರ ನೆಲದಲ್ಲಿ ಒತ್ತಿಕೊಂಡು ಉಳಿದಿತ್ತು. ಬಂದವರು ಹೊಸ ಕಂಟ್ರಾಕ್ಟರಿನ ಕಡೆಯವರು. ನಿನ್ನ ಜಾಗದಲ್ಲಿ ಇದು ಯಾಕಿತ್ತು ಎಂದು ದಸ್ತಗೀರನನ್ನೇ ಕೇಳಿದರಂತೆ. ಅವನು ನೀರು ಕೊಟ್ಟನಂತೆ.

ಇನ್ನೇನು ಎಲ್ಲ ಸರಿಹೋಯಿತು ಅಂದುಕೊಂಡೆವು. ದಸ್ತಗೀರ ಗುಂಡಿಯ ನೀರು ತೆಗೆಸಿದ, ಸುಣ್ಣ ಬಳಿಸಿದ, ಅಂಗಳಕ್ಕೆ ಗರಸು ಹಾಕಿಸಿದ. ಬಾಯಿ ತೆರೆದುಕೊಂಡು ಗ್ಯಾರೇಜು ಕಾಯಿತು. ಲಾರಿಗಳು ಬರಲಿಲ್ಲ. ಅಷ್ಟರಲ್ಲಿ ಊರಾಚೆ ಬೈಪಾಸು ಆಗಿ, ಬಳ್ಳಾರಿಯ ಲಾರಿಗಳು ಊರಿನ ಒಳಗೆ ಬರುವುದನ್ನೇ ಬಿಟ್ಟಿದ್ದವು. ಬೈಪಾಸಿನ ಪಕ್ಕದಲ್ಲಿ ಹೊಸ ಗ್ಯಾರೇಜುಗಳು ಎದ್ದಿದ್ದವು. ಹಳೆಯ ಗಿರಾಕಿಗಳಿಗೆ ಅಲ್ಲಿನ ದಾರಿ ರೂಢಿಯಾಗಿತ್ತು. ಈಗ ನೀವು ನನ್ನನ್ನು ಕೇಳಬಹುದು, ದಸ್ತಗೀರನ ಗ್ಯಾರೇಜನ್ನು ಮುಚ್ಚಿಸಿದ್ದು ಗರ್ಡರೋ ಬೈಪಾಸೋ? ವಿದ್ಯಾರ್ಥಿಗಳಿಗಾದರೆ, ಯಾವ ಘಟನೆಗೂ ಒಂದೇ ಕಾರಣ ಇರುವುದಿಲ್ಲ ಎಂದು ಹೇಳಿ ಗಂಟೆ ಹೊಡೆಯುವ ತನಕ ಕಳೆಯುತ್ತೇನೆ. ಗರ್ಡರು ಇಲ್ಲದಿದ್ದರೆ ಆ ವರ್ಷಗಳಲ್ಲಿ ಅವನೂ ಬೈಪಾಸಿಗೆ ಹೋಗುತ್ತಿದ್ದನೋ ಏನೋ. ಮಾಲು ಅಂಗಳದಲ್ಲಿ ಇರುವಾಗ ಅದನ್ನು ಬಿಟ್ಟು ಎಲ್ಲಿಗೆ ಹೋಗುವುದು? ಈಗ ಅವನು ಬೈಪಾಸಿನ ಬೇರೆಯವರ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಬೇರೆಯವರ ಗುಂಡಿಗೆ ಇಳಿಯುತ್ತಾನೆ. ಶುಕ್ರವಾರ ನಮಾಜು ಮುಗಿದ ಮೇಲೆ ಮಾತ್ರ ತನ್ನದರ ಷಟರು ಎತ್ತಿ ಸ್ವಲ್ಪ ಹೊತ್ತು ಕೂರುತ್ತಾನೆ.

ಹೋದ ತಿಂಗಳು ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಬೇಕಾಯಿತು. ಗರ್ಡರು ಸೇರಬೇಕಿದ್ದ ಮೆಟ್ರೋ ದಾರಿಯಲ್ಲಿ ಈಗ ಒಂದಷ್ಟು ದೂರ ರೈಲು ಓಡುತ್ತಿದೆ, ಉಳಿದದ್ದು ಇನ್ನೂ ಕೆಲಸದಲ್ಲಿದೆ. ಹೊರಡುವ ಹಿಂದಿನ ದಿನ ದಸ್ತಗೀರ ಮನೆಗೇ ಬಂದಿದ್ದ. ಅವನು ಏನನ್ನೂ ಕೇಳುವವನಲ್ಲ.

‘ಸ್ವಾಮಿ, ಅಲ್ಲಿ ಒಂದು ಸಲ ನೋಡ್ಕೊಂಡು ಬಾ. ಅದನ್ನ ಹಾಕ್ಯಾರಾ ಏನು ಅಂತ.’

‘ಹಾಕದೆ ಇನ್ನೇನು ಮಾಡ್ತಾರೆ?’

‘ಇಲ್ಲ, ಅಳತೆ ಬದಲಾಯ್ತು, ಅದು ಬರಲ್ಲ, ಗುಜರಿಗೆ ಹಾಕ್ತಾರೆ ಅಂತ ಓಬಣ್ಣ ಯಾರ ಹತ್ರನೋ ಕೇಳ್ಯಾನೆ. ಹಾಕಿದ್ರೆ ಸರಿ. ಗುರುತು ನೀನು ಓದಿದ್ದೆಯಲ್ಲ, ನಿನಗೆ ಗೊತ್ತಾಗ್ತೈತೆ.’

ನಾನು ಆ ರೈಲಿನಲ್ಲಿ ಈ ತುದಿಯಿಂದ ಆ ತುದಿಗೆ ಎರಡು ಸಲ ಹೋದೆ. ಕಣ್ಣಿಗೆ ಔಷಧಿ ಬಿಟ್ಟಿದ್ದರು, ಎಲ್ಲ ಮಂಜು ಮಂಜು. ರೈಲಿನ ಒಳಗೆ ಕೂತವನಿಗೆ ಕೆಳಗಿನ ತೊಲೆ ಕಾಣುವುದಿಲ್ಲ ಎಂಬುದು ನನಗೆ ಹೊಳೆದದ್ದು ಎರಡನೆಯ ಸಲ. ಇಳಿದು ರಸ್ತೆಯಲ್ಲಿ ನಡೆದೆ. ಒಂದು ದೊಡ್ಡ ರಸ್ತೆಯ ಮೇಲೆ ಉಕ್ಕಿನ ಗರ್ಡರುಗಳಿದ್ದವು, ಎಲ್ಲಕ್ಕೂ ಒಂದೇ ಬೂದು ಬಣ್ಣ. ತುಕ್ಕಿಲ್ಲ, ಗುರುತಿಲ್ಲ, ಉಣ್ಣೆಯ ಒಂದು ಎಳೆಯೂ ಇಲ್ಲ. ಮುಂದೆ ಹೋದರೆ ದಾರಿ ಒಂದು ಕಂಬದ ಮೇಲೆ ಬಂದು ಕತ್ತರಿಸಿದಂತೆ ನಿಂತಿತ್ತು. ಆಚೆಯ ಕಂಬ ಖಾಲಿ. ಕಂಬಗಳಿಗೆಲ್ಲ ನಂಬರು ಬರೆದಿದ್ದರು. ಒಂದೊಂದನ್ನೂ ಓದಿದೆ. ಯಾವುದನ್ನು ಓದಿದರೂ ಇದೇ ಇರಬಹುದು ಅನ್ನಿಸಿತು. ಬಹಳ ಹೊತ್ತು ನಿಂತಿದ್ದೆ. ಒಬ್ಬ ಸೆಕ್ಯುರಿಟಿಯವನು ಬಂದು, ‘ಯಾರು ಬೇಕ್ರೀ?’ ಎಂದು ಕೇಳಿದ.

ಊರಿಗೆ ಬಂದು ಗಿರಿಜಾಗೆ ಹೇಳಿದೆ. ‘ಹಾಕ್ಯಾರೆ ಅಂತ ಹೇಳಿಬಿಡ್ರಿ’ ಅಂದಳು. ‘ಅದಕ್ಕೆ ಆಧಾರ’ ಎಂದು ಶುರು ಮಾಡಿದೆ. ಅವಳು ಎದ್ದು ಒಳಗೆ ಹೋದಳು.

ಶುಕ್ರವಾರ ಮಧ್ಯಾಹ್ನ ಗ್ಯಾರೇಜಿಗೆ ಹೋದೆ. ದಸ್ತಗೀರ ಬಿಳಿ ಜುಬ್ಬಾದಲ್ಲಿ ಸ್ಟೂಲಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಬಾಯಿ ತೆರೆಯುವವರೆಗೂ ಹೌದು ಎಂದೇ ಹೇಳುವವನಿದ್ದೆ.

‘ಗೊತ್ತಾಗಲಿಲ್ಲ ಕಣೋ’ ಅಂದೆ. ‘ಎಲ್ಲ ಒಂದೇ ಥರ ಇದ್ದವು. ನನಗೆ ಆ ಗುರುತು ನೆನಪಿಗೆ ಬರಲಿಲ್ಲ.’

ಅವನು ಸ್ಟೂಲನ್ನು ಎತ್ತಿ ಮೂಲೆಗೆ ಇಟ್ಟ. ‘ಹೋಗ್ಲಿ ಬಿಡು’ ಅಂದ. ‘ಕಣ್ಣಿಗೆ ಏನಂದ್ರು ಡಾಕ್ಟ್ರು?’

‘ಪೊರೆ ಬಂದೈತಂತೆ.’

‘ತೆಗೆಸಿಬಿಡು, ಬಿಡಬೇಡ. ಬಾ, ಟೀ ಕುಡಿಯಾನ.’

ಷಟರು ಎಳೆದು ಬೀಗ ಹಾಕಿದ. ಎದುರಿಗೆ ಗರಸು ಹಾಕಿದ ಅಂಗಳ, ಮೂರು ಲಾರಿ ಒಟ್ಟಿಗೆ ಬರುವಷ್ಟು ಅಗಲ, ಬಿಸಿಲಿನಲ್ಲಿ ಖಾಲಿ ಬಿದ್ದಿತ್ತು. ಅವನು ಅದರ ನಡುವೆ ನಡೆಯಲಿಲ್ಲ. ಗೋಡೆಯ ಪಕ್ಕಕ್ಕೆ ಸರಿದು, ಆ ಹಳೆಯ ಸಂದು ಇದ್ದ ಜಾಗಕ್ಕೆ ಬಂದಾಗ, ತಲೆ ಬಗ್ಗಿಸಿ ದಾಟಿದ. ಅವನ ಹಿಂದೆ ನಾನಿದ್ದೆ. ಅಲ್ಲಿ ಏನೂ ಇಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನೂ ತಲೆ ಬಗ್ಗಿಸಿದೆ.